ಸೋಪಿನಕ್ಕನ ಗಿಳಿ

ನನ್ನ ಯಜಮಾನರು ಟ್ರೇಡ್‌ಮಾರ್ಕ್ ಏಜೆಂಟರು. ಮಾಲಿನ ಮೇಲಿನ ಹೆಸರು, ಚಿತ್ರ ಬೇರೆಯವರ ಪಾಲಾಗದಂತೆ ನೋಂದಣಿ ಮಾಡಿಸಿಕೊಡುವ ಕೆಲಸ. ಹೋದ ತಿಂಗಳು ತೀರಿಕೊಂಡರು. ನಾನು ಹೆಚ್ಚು ಓದಿದವಳಲ್ಲ, ಕಂಡದ್ದನ್ನು ಬರೆಯುತ್ತೇನೆ.

ಮೊದಲು ಅವರು ಪ್ರೆಸ್ಸಿನಲ್ಲಿ ಲೇಬಲ್ ಕತ್ತರಿಸುತ್ತಿದ್ದರು. ಒಬ್ಬರ ಲೇಬಲ್ ತಂದು 'ಇಂಥದ್ದೇ ಮಾಡಿಕೊಡಿ' ಎನ್ನುವವರನ್ನು ಅಲ್ಲೇ ಕಂಡರು. ಹೊಟ್ಟೆ ಉರಿಯಿತಂತೆ. ದುಡಿಯುತ್ತಲೇ ಓದಿ, ಪರೀಕ್ಷೆ ಪಾಸಾಗಿ ಏಜೆಂಟರಾದರು.

ಹೊಸ ಕೇಸು ಬಂದರೆ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಪೊಟ್ಟಣ ತೋರಿಸಿ ಜೇಬಿಗೆ ಹಾಕುತ್ತಿದ್ದರು. ಊಟವಾದ ಮೇಲೆ ಇನ್ನೊಂದು.

"ಬೆಳಿಗ್ಗೆ ನೋಡಿದ್ದು ಇದೇ ಏನೇ?"

"ಅದೇ. ತೋರಿಸಿದ್ದೇ ತೋರಿಸ್ತೀರಲ್ಲ, ತಲೆ ಕೆಟ್ಟಿದೆಯಾ?"

"ಇಲ್ಲ ಕಣೇ. ಇದು ಬೇರೆ. ನೀನೇ ಏಮಾರಿದೆ ಅಂದ್ರೆ ಕೇಸು ಗಟ್ಟಿಯಿದೆ!"

ಎದುರು ಬೀದಿಯಲ್ಲಿ ಸೋಪು ಕಾಯಿಸಿ ಮಾರುವ ಹೆಂಗಸು ಇದ್ದಳು. ಎಲ್ಲರಿಗೂ ಸೋಪಿನಕ್ಕ. ಅವಳ ಹಳದಿ ಕವರಿನ ಮೇಲೆ ಹಸಿರು ಗಿಳಿ. ದೊಡ್ಡ ಕಂಪನಿಯೊಂದು ಅದೇ ಹಳದಿಯ ಮೇಲೆ ಬೇರೊಂದು ಹಸಿರು ಹಕ್ಕಿ ಬರೆಸಿ ನೋಂದಣಿಗೆ ಹಾಕಿತು.

"ಆ ಹಕ್ಕಿ ಗೆದ್ದರೆ ನಾನು ಒಲೆ ಆರಿಸಿದ ಹಾಗೇ, ಅಣ್ಣಾ" ಎಂದು ಅತ್ತಳು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹೇಳೋಕೇ ನಾನಿರೋದು. ಒಲೆ ಆರಿಸಬೇಡ" ಎಂದರು.

ಅವಳ ಪರವಾಗಿ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ತಕರಾರು ಹಾಕಿದರು. ವಿಚಾರಣೆಯ ದಿನ ಸೋಪಿನಕ್ಕನ ಜೊತೆ ನಾನೂ ಹೋದೆ. ಕಂಪನಿ ವಕೀಲರು ಎರಡೂ ಕವರನ್ನು ಅಧಿಕಾರಿಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಒಂದರ ಕೊಕ್ಕು ಬಾಗಿದೆ, ಒಂದರದು ನೆಟ್ಟಗಿದೆ. ಮಕ್ಕಳೂ ಹೇಳ್ತಾರೆ ಸಾರ್."

"ಪಕ್ಕಪಕ್ಕ ನಿಲ್ಲಿಸಿದರೆ ಅವಳಿ ಮಕ್ಕಳನ್ನೂ ಗುರುತು ಹಿಡೀಬಹುದು" ಎಂದರು ನಮ್ಮವರು. "ಹಳೇ ಕವರು ಕೈಲಿ ಹಿಡ್ಕೊಂಡು ಯಾರು ಸಾರ್ ಅಂಗಡಿಗೆ ಹೋಗ್ತಾರೆ? ಮನಸ್ಸಲ್ಲಿ ಉಳಿದಷ್ಟೇ ಅವರ ಜೊತೆ ಹೋಗೋದು."

ಎರಡನ್ನೂ ಚೀಲಕ್ಕೆ ಹಾಕಿದರು. ಬೇರೆ ಕಾಗದಗಳ ಮಾತಾಡಿ, ಆಮೇಲೆ ಒಂದನ್ನು ತೆಗೆದು ವಕೀಲರ ಕೈಗಿಟ್ಟರು.

"ಇದು ಯಾರದು, ಹೇಳಿ."

ವಕೀಲರು ಹೆಸರು ಓದಲು ಕವರನ್ನು ಹಿಂದುಮುಂದು ತಿರುಗಿಸಿದರು. ಅಧಿಕಾರಿ ನಕ್ಕುಬಿಟ್ಟರು. ಕಂಪನಿಯ ಹಕ್ಕಿಗೆ ನೋಂದಣಿ ಸಿಗಲಿಲ್ಲ, ಅದು ಅಂಗಡಿಗೂ ಬರಲಿಲ್ಲ.

ಹೊರಗೆ ಬಂದಾಗ ಸೋಪಿನಕ್ಕ ಅವರ ಕಾಲು ಹಿಡಿಯಲು ಬಗ್ಗಿದಳು. "ಏಳಮ್ಮಾ, ಸೋಪಿನ ಕೈ, ಜಾರಿ ಬಿದ್ದೇನು" ಎಂದರು.

ಈಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವವರಿಲ್ಲ. ಮೊನ್ನೆ ಸೋಪು ಮುಗಿದಿತ್ತು. ಕನ್ನಡಕ ಮರೆತು ಅಂಗಡಿಗೆ ಹೋದೆ.

"ಯಾವುದು ಕೊಡಲಮ್ಮಾ?"

ಹಳದಿಯ ಮೇಲಿನ ಹಸಿರಿಗೆ ಬೆರಳು ತೋರಿಸಿದೆ. ಮನೆಗೆ ಬಂದು ಕನ್ನಡಕ ಹಾಕಿ ನೋಡಿದೆ. ಸೋಪಿನಕ್ಕನದೇ. ಬೇರೆ ಇರಲು ಹೇಗೆ ಸಾಧ್ಯ? ಅದು ನನ್ನ ಯಜಮಾನರ ಕೆಲಸ.