ಬಿಗಿದು ಕಟ್ಟಿದ ಬೇಗಡೆ

ರಜಾಕ್, ನಿನ್ನ ಪೆಟ್ಟಿಗೆಯನ್ನು ಕೆಡಿಸಿದವನು ನಾನು. ತಿಳಿಯದೆ ಅಲ್ಲ — ಚೆನ್ನಾಗಿ ತಿಳಿದೇ ಕೆಡಿಸಿದೆ. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತಲ್ಲ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಚಂದ್ರನ ಮೇಲೆ ಮನುಷ್ಯ ಕಾಲಿಡುವುದಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನೀನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಶಾಖ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುವವನು. ನಮ್ಮ ಪ್ರಯೋಗಾಲಯದ ಪಂಪು ಸರಿಮಾಡಲು ಬಂದವನು ಗೋಡೆಯ ಮೇಲಿದ್ದ ಚಂದ್ರನ ಚಿತ್ರ ನೋಡುತ್ತಾ ಕೇಳಿದೆ: "ಸಾರ್, ಅಲ್ಲಿ ಗಾಳಿನೇ ಇಲ್ವಲ್ಲ, ಮಿಷೀನು ಇಟ್ರೆ ಹಗಲು ಬೆಂದ್ಹೋಗುತ್ತೆ, ರಾತ್ರಿ ಹೆಪ್ಪುಗಟ್ಟುತ್ತೆ. ಅದನ್ನ ಹೆಂಗೆ ಕಾಪಾಡ್ತಾರೆ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲೂ ಇಲ್ಲ — "ಅದೆಲ್ಲ ದೊಡ್ಡ ವಿಷಯ ಮಾರಾಯ" ಎಂದು ಜಾರಿಕೊಂಡೆ.

ಉತ್ತರ ಹುಡುಕಿದವನು ನೀನು. ಮೊಹರಂ ತಾಬೂತಿಗೆ ನಿಮ್ಮ ಮನೆಯವರು ಅಂಟಿಸುವ ಹೊಳೆಯುವ ಬೇಗಡೆ ಹಾಳೆ, ಎರಡೆರಡು ಹಾಳೆಗಳ ನಡುವೆ ಸೊಳ್ಳೆಪರದೆಯ ಬಟ್ಟೆ — ಹೀಗೆ ಇಪ್ಪತ್ತು ಪದರಗಳನ್ನು ಒಂದು ಪೆಟ್ಟಿಗೆಗೆ ಸುತ್ತಿದೆ. ಶಾಖ ಹೊಳಪಿಗೆ ತಾಗಿ ಹಿಂದಿರುಗಬೇಕು. ಪದರದಿಂದ ಪದರಕ್ಕೆ ಹರಿಯಲು ಅದಕ್ಕೆ ದಾರಿ ಸಿಗಬಾರದು. "ಒಂದಕ್ಕೊಂದು ಒತ್ತಬಾರ್ದು ಸಾರ್, ಸಡಿಲ ಇರ್ಬೇಕು" ಎಂದು ನೀನೇ ನನಗೆ ಕಲಿಸಿಕೊಟ್ಟಿದ್ದೆ.

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಬೆಂಗಳೂರಿನಿಂದ ಪ್ರೊಫೆಸರರೊಬ್ಬರು ಬಂದರು. ಪೆಟ್ಟಿಗೆಯೊಳಗೆ ಬಿಸಿನೀರಿನ ಸೀಸೆ, ಪೆಟ್ಟಿಗೆಯನ್ನು ಮುಚ್ಚಿದ ಗಾಜಿನ ಗುಮ್ಮಟ, ಗಾಳಿ ಎಳೆಯಲು ಪಂಪು, ಗುಮ್ಮಟದ ಸುತ್ತ ಐಸು. ನೀರು ಒಂದು ಗಂಟೆ ಬಿಸಿಯಾಗಿಯೇ ಉಳಿದರೆ ನಿನ್ನನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದರು. ನಿನ್ನನ್ನು ಕೂರಿಸಿಕೊಂಡು ಮಾತಾಡಿದರು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಂ.ಎಸ್ಸಿ. ಮಾಡಿದವನು ನಾನು, ಬೇಗಡೆ ಅಂಟಿಸುವ ಕೈಗೆ ಈ ಮರ್ಯಾದೆಯೇ — ಹೌದು, ಹೀಗೇ ಯೋಚಿಸಿದೆ. ಇದನ್ನು ಮೆತ್ತಗೆ ಮಾಡಿ ಬರೆಯಲಾರೆ.

ನೀವಿಬ್ಬರೂ ಚಹಾ ಕುಡಿಯಲು ಹೋದಿರಿ. ನಾನು ಪೆಟ್ಟಿಗೆಯ ದಾರ ಬಿಚ್ಚಿ, ಪದರಗಳೆಲ್ಲ ಒತ್ತಿಕೊಳ್ಳುವ ಹಾಗೆ ಬಿಗಿದು ಕಟ್ಟಿದೆ. ಗುಮ್ಮಟ ಮುಚ್ಚಿ, ಸುತ್ತ ಐಸು ತುಂಬಿ, ಪಂಪು ಹಾಕಿ, ಏನೂ ಅರಿಯದವನಂತೆ ನಿಂತೆ.

ಅರ್ಧ ಗಂಟೆಯಲ್ಲೇ ಸೀಸೆಗೆ ಸಿಕ್ಕಿಸಿದ್ದ ಥರ್ಮಾಮೀಟರಿನ ಪಾದರಸ ಸರಸರನೆ ಇಳಿಯಿತು. ಗುಮ್ಮಟ ತೆಗೆದು ನೋಡಿದ ಪ್ರೊಫೆಸರರು, "ಇಷ್ಟು ಬಿಗಿಯಾಗಿ ಯಾರು ಕಟ್ಟಿದ್ದು?" ಎಂದರು. ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ.

"ನಾನೇ ಸಾರ್. ತಪ್ಪಾಯ್ತು" ಎಂದುಬಿಟ್ಟೆ ನೀನು.

ಸಂಜೆ ಬಸ್ ನಿಲ್ದಾಣದಲ್ಲಿ ನೀನು ನನ್ನನ್ನೇ ಸಮಾಧಾನ ಮಾಡಿದೆ. "ನೋಡೋಕೆ ನೀಟಾಗಿರ್ಲಿ ಅಂತ ಕಟ್ಟಿದ್ರಿ, ನಂಗೊತ್ತು. ಬೇಜಾರ್ ಮಾಡ್ಕೋಬೇಡಿ." ನಾನು — ಹೌದೆಂದು ತಲೆಯಾಡಿಸಿದೆ. ಥೂ! ದಾರ ಬಿಗಿದದ್ದಕ್ಕಿಂತ ಆ ತಲೆಯಾಡಿಸುವಿಕೆ ಹೆಚ್ಚು ಹೊಲಸು.

ನಿವೃತ್ತಿಯಾಗುವ ತನಕ ನೀನು ಕುಲುಮೆಯ ಮುಂದೆಯೇ ಬೆವರಿದೆ. ಮತ್ತೆ ಹೊಸದೇನನ್ನೂ ಮಾಡಲಿಲ್ಲವಂತೆ. ಪ್ರತಿ ರಂಜಾನ್‌ಗೆ ಶಿವಮೊಗ್ಗದ ನನ್ನ ಮನೆಗೆ ಶೀರ್‌ಖುರ್ಮಾ ಕಳಿಸಿದೆ. ನಾನು ತಿಂದೆ. ರುಚಿಯಾಗಿದೆ ಎಂದು ಹೇಳಿಯೂ ಕಳಿಸಿದೆ. ಎಂಥ ನಾಲಿಗೆ ನನ್ನದು...

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಬಂದು, ನಿನ್ನ ಹೆಂಡತಿ ಮಕ್ಕಳ ಎದುರಿಗೆ ನಾನೇ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ — ಕೇಳಿದರೆ ನೀನು ಕೊಟ್ಟುಬಿಡುತ್ತೀಯ. ಓದಿ ಮುಗಿಸಿದ ಮೇಲೆ ಬೈಯಿ, ಬಾಗಿಲು ಹಾಕಿಕೋ. ಸಾರ್ ಎಂದು ಮಾತ್ರ ಕರೆಯಬೇಡ.