ಮಾವನ ಹಿತ್ತಾಳೆ ಡಬ್ಬಿಗಳು

ಇವತ್ತು ಮುಳಬಾಗಿಲಿನ ಪಾತ್ರೆ ಅಂಗಡಿಯಲ್ಲಿ ಯಾರೋ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುತ್ತಿದ್ದರು. ಆ ಹುಳಿವಾಸನೆಗೆ ಸೋದರಮಾವನ ಜಾದೂ ಡಬ್ಬಿಗಳು ನೆನಪಾದವು.

ಮಾವ ಲೇತ್ ಕೆಲಸದವನು. ಅಜ್ಜಿಮನೆಯಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು, ತಾನೇ ಕಡೆದ ಪುಟ್ಟ ಡಬ್ಬಿಗಳಲ್ಲಿ ಗೋಲಿ, ಉಂಗುರ ಮಾಯ ಮಾಡುತ್ತಿದ್ದ. ಮುಚ್ಚಳ ಎಷ್ಟು ನಯವಾಗಿ ಕೂರುತ್ತಿತ್ತೆಂದರೆ ಉಗುರಿಗೂ ಸಂದು ಸಿಗುತ್ತಿರಲಿಲ್ಲ. ಗುಟ್ಟನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದಿನ ಅಜ್ಜಿಯ ವಜ್ರದ ಮೂಗುಬೊಟ್ಟು ಕಾಣೆಯಾಯಿತು. "ಬೆಳಿಗ್ಗೆ ಮಾವ ನಿನ್ನ ಕೋಣೇಲಿದ್ದ" ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದವಳು ನಾನೇ. ನನ್ನ ಅಂಗೈಯಲ್ಲಿದ್ದ ಗೋಲಿಯನ್ನೇ ಹಾರಿಸುವವನಿಗೆ ಮೂಗುಬೊಟ್ಟು ಯಾವ ಲೆಕ್ಕ?

"ನಿಜಂ ಚೆಪ್ಪು ರಾ, ನಿಜ ಹೇಳೋ, ಎಲ್ಲಿ ಬಚ್ಚಿಟ್ಟೆ?" ಎಂದಳು ಅಜ್ಜಿ, ಮಗನ ಮುಖ ನೋಡದೆ.

ಮಾವ ಡಬ್ಬಿಗಳನ್ನೆಲ್ಲ ಚಾಪೆಯ ಮೇಲೆ ತಂದಿಟ್ಟ. ಒಂದೊಂದರ ಕಳ್ಳತಳವನ್ನೂ ಬಿಚ್ಚಿ, ಒಳಗೆ ಅಡಗಿದ್ದ ಎರಡನೇ ಬಟ್ಟಲನ್ನೂ ಹೊರತೆಗೆದು ತೋರಿಸಿದ. ಎಲ್ಲವೂ ಖಾಲಿ. ಆಗಲೂ ನಾನು ಅವನ ಅಂಗಿಯ ತೋಳನ್ನೇ ನೋಡುತ್ತಿದ್ದೆ.

ಎರಡು ದಿನ ಬಿಟ್ಟು ಮೂಗುಬೊಟ್ಟು ಬಚ್ಚಲಿನ ಸೀಗೆಪುಡಿಯಲ್ಲಿ ಸಿಕ್ಕಿತು. ಅಜ್ಜಿ ಒಬ್ಬಟ್ಟು ಮಾಡಿ ಬಡಿಸಿದಳು. ಮಾವ ತಿಂದ. ಆದರೆ ಮತ್ತೆಂದೂ ಮನೆಯಲ್ಲಿ ಜಾದೂ ಮಾಡಲಿಲ್ಲ.

ಅಂಗಡಿಯಿಂದ ನೇರ ಅವನ ಮನೆಗೇ ಹೋದೆ. ಈಗ ತುಂಬಾ ವಯಸ್ಸಾಗಿದೆ ಅವನಿಗೆ.

"ಮಾವ, ಅವತ್ತು ಅಜ್ಜಿಗೆ ಚಾಡಿ ಹೇಳಿದ್ದು ನಾನು" ಎಂದೆ.

"ಗೊತ್ತಿತ್ತು ಕಣೇ" ಎಂದ. "ಅದಕ್ಕೇ ಪ್ರತಿಯೊಂದು ಡಬ್ಬೀನೂ ನಿನ್ನ ಕಡೆ ತಿರುಗಿಸಿ ತೋರಿಸಿದ್ದು."