ಮಾಳಿಗೆ ಮೇಲಿನ ಪಂಕ್ತಿ

ಮಳೆ ಬರುತ್ತಿದೆಯೇ ಎಂದು ತಿಳಿಯಲು ಕಿಟಕಿಯಾಚೆ ಕೈ ಚಾಚುವವರಲ್ಲಿ ಹವಾಮಾನದ ಗಣಿತ ಬಲ್ಲವನೂ ಒಬ್ಬನಿದ್ದಾನೆಂದರೆ ನೀವು ನಗುತ್ತೀರಿ. ನಗಿ, ಆ ಮಹಾನುಭಾವ ನಾನೇ. ಸೇಡಂನ ಕಾಲೇಜಿನಲ್ಲಿ ಗಣಿತ ಕಲಿಸುವ ನಾನು ಯೌವನವನ್ನು ಸವೆಸಿದ್ದು ಒಂದೇ ಪ್ರಶ್ನೆಗೆ: ವಾತಾವರಣದ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಾಳೆಯನ್ನು ಹೇಳಬೇಕಾದರೆ, ಈ ಕ್ಷಣದ ಗಾಳಿ, ಒತ್ತಡ, ತೇವಗಳನ್ನು ಮೊದಲು ನಿಗದಿಪಡಿಸುವುದು ಹೇಗೆ? ಆರಂಭ ತಪ್ಪಿದರೆ ಅಂತ್ಯ ಅಧ್ವಾನ.

ಕಳೆದ ಮಳೆಗಾಲದಲ್ಲಿ ಚಿಂಚೋಳಿಯಿಂದ ಅಕ್ಕ ಫೋನ್ ಮಾಡಿದಳು. ಮರುದಿನ ಅವಳ ಮಗಳು ವೈದೇಹಿಯ ನಿಶ್ಚಿತಾರ್ಥ. ನಾವು ವೈಷ್ಣವರು, ಹುಡುಗ ಲಿಂಗಾಯತರವನು. ಎರಡೂ ಮನೆಯವರು ಒಪ್ಪಲು ವರುಷಗಳೇ ಹಿಡಿದಿದ್ದವು.

“ತಮ್ಮಾ, ಊಟ ಮಾಳಿಗಿ ಮ್ಯಾಲ ಆದ್ರ ಎಲ್ಲಾರೂ ಒಂದೇ ಪಂಕ್ತಿಗೆ ಕುಂದ್ರತಾರ. ಕೆಳಗ ಜಾಗ ಸಣ್ಣದು, ಅವರೊಂದು ಪಾಳಿ, ನಾವೊಂದು ಪಾಳಿ ಆಗ್ತದ. ನಾಳಿ ಮಳಿ ಬರ್ತದೇನ್ ಹೇಳು.”

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಮೊದಲ ಅಂದಾಜಾಗಿ ಇಟ್ಟುಕೊಂಡು, ಅವರವರ ಊರಿನ ಆಕಾಶ ಹೇಗಿದೆಯೆಂದು ಕೇಳಲು ಸುತ್ತಲಿನ ಬಂಧುಗಳಿಗೆ ಫೋನ್ ಹಚ್ಚಿದೆ. ಶಹಾಬಾದಿನ ಕಾಕಾ, “ಮುಗಿಲು ಹರಕೊಂಡು ಬೀಳ್ತದೋ!” ಎಂದರು. ವಾಡಿಯ ತಂಗಿ, “ಬಿಸಿಲು ಚುರುಚುರು ಅನ್ಲಿಕತ್ತದ ಅಣ್ಣಾ” ಎಂದಳು. ನಮ್ಮ ಶಾಸ್ತ್ರ ಯಾರನ್ನೂ ಪೂರ್ತಿ ನಂಬುವುದಿಲ್ಲ, ಯಾರನ್ನೂ ತಳ್ಳಿಹಾಕುವುದೂ ಇಲ್ಲ. ಯಾರು ಎಷ್ಟು ತಪ್ಪುತ್ತಾರೆಂದು ನೋಡಿ ಅವರ ಮಾತಿಗೆ ತೂಕ ಕೊಟ್ಟು, ಮೊದಲ ಅಂದಾಜನ್ನು ಅಷ್ಟಷ್ಟೇ ತಿದ್ದುತ್ತದೆ. ಬಂದದ್ದನ್ನೆಲ್ಲ ಹಸಿಹಸಿಯಾಗಿ ತುಂಬಿದರೆ ಗಾಳಿಗೂ ಒತ್ತಡಕ್ಕೂ ಹೊಂದಿಕೆಯಾಗದೆ, ಆಕಾಶದಲ್ಲಿಲ್ಲದ ಅಲೆಗಳು ಲೆಕ್ಕದೊಳಗೇ ಎದ್ದು ಕುಣಿಯುತ್ತವೆ. ತುಂತುರನ್ನೂ ಪ್ರಳಯವೆನ್ನುವ ಕಾಕಾನ ತೂಕ ಇಳಿಸಿ, “ಅಕ್ಕಾ, ಊಟ ಮುಗಿಯೋತನಕ ಚಿಂತಿ ಇಲ್ಲ” ಎಂದುಬಿಟ್ಟೆ.

ಮರುದಿನ ಹೋಳಿಗೆ ಬಡಿಸುತ್ತಿದ್ದಂತೆಯೇ ಕೊಡ್ಲಿ ಊರಿನ ದಿಕ್ಕಿನಿಂದ ಮೋಡ ಧಾವಿಸಿ ಬಂದು ತೆರೆದ ಮಾಳಿಗೆಯ ಮೇಲೆ ಸುರಿಯಿತು. ಎಲ್ಲರೂ ಎಲೆ ಎತ್ತಿಕೊಂಡು ಇಕ್ಕಟ್ಟಾದ ಮೆಟ್ಟಿಲಿಳಿದು, ಸಿಕ್ಕಲ್ಲಿ ಕುಳಿತರು. ಬೀಗರಾರು, ನಮ್ಮವರಾರು, ವೈದೇಹಿಗೇ ತಿಳಿಯದು. ಅವಳು ಭಾವೀ ಅತ್ತೆಯ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿದ್ದಳು. ಬೆಳಗಿನಿಂದ ಬಿಗುಮಾನದಲ್ಲಿದ್ದ ಹುಡುಗನ ಅಜ್ಜ, ಮಡಿಯ ಹೆಸರಿನಲ್ಲಿ ದೂರವೇ ಉಳಿದಿದ್ದ ನಮ್ಮ ಸೋದರತ್ತೆಯ ಮಗ್ಗುಲಲ್ಲೇ ಸಿಕ್ಕಿಕೊಂಡಿದ್ದರು. ಅಜ್ಜನ ಎಲೆಯ ತೊಯ್ದ ಹೋಳಿಗೆಯನ್ನು ಸೋದರತ್ತೆ ಒಂದು ಕ್ಷಣ ನೋಡಿದಳು. ಬುಟ್ಟಿ ತರಿಸಿ, ಬಿಸಿಯದೊಂದನ್ನು ತಾನೇ ಬಡಿಸಿ ತುಪ್ಪ ಸುರಿದಳು.

“ತಿನ್ರಿ ಯಜಮಾನ್ರ, ಇದು ತೊಯ್ದಿಲ್ಲ.”

ನಾನು ಕಂಬದ ಹಿಂದೆ ಮರೆಯಾಗಲು ನೋಡಿದೆ. ಅಜ್ಜ ಬಿಡಲಿಲ್ಲ, ಬಾಯ್ತುಂಬ ಹೋಳಿಗೆಯಿಟ್ಟುಕೊಂಡೇ ಕೂಗಿದರು:

“ಮಾಸ್ತರ, ಮದಿವಿ ದಿನದ ಮಳಿನೂ ನೀವೇ ಹೇಳ್ರಿ. ಭಾಳ ಛಲೋ ತಪ್ಪತದ ನಿಮ್ಮ ಲೆಕ್ಕ!”